ಚಮಚದ ಹಿಡಿಯ ಮೇಲಿನ ಸಂಖ್ಯೆ

ಒಂದನೇ ಮಹಾಯುದ್ಧದ ಕಾಲದ ಸೇನಾ ಕ್ಯಾಂಪುಗಳನ್ನು ಅಗೆದಾಗ ಪದಕಗಳು ಸಿಗುವುದು ಬಹಳ ಅಪರೂಪ. ಪದಕ ಯುದ್ಧ ಮುಗಿದ ಮೇಲೆ ಮನೆಗೆ ಬರುವಂಥದ್ದು. ಕ್ಯಾಂಪಿನಲ್ಲಿ ಕಳೆದುಹೋಗುವುದು ದಿನಬಳಕೆಯ ಸಾಮಾನು: ಗುಂಡಿ, ಬೆಲ್ಟಿನ ಕೊಕ್ಕೆ, ಕ್ಷೌರದ ಕತ್ತಿ, ಹಲ್ಲುಜ್ಜುವ ಬ್ರಷ್ಷು, ಚಮಚ. ಇವತ್ತು ನಾನು ಚಮಚವೊಂದನ್ನೇ ಹಿಡಿದುಕೊಂಡು ಮಾತಾಡುತ್ತೇನೆ. ಒಬ್ಬ ಸಾಮಾನ್ಯ ಸಿಪಾಯಿಯ ಬದುಕಿನ ಜಾಡು ಹಿಡಿಯಲು ಅದು ಪದಕಕ್ಕಿಂತ ಕಡಿಮೆ ಸಾಕ್ಷಿಯೇನಲ್ಲ.

ಬ್ರಿಟಿಷ್ ಸಿಪಾಯಿಗೆ ಕೊಡುತ್ತಿದ್ದ ಚಮಚ, ಫೋರ್ಕು, ಚಾಕು, ಬಾಚಣಿಗೆ, ಬ್ರಷ್ಷುಗಳ ಮೇಲೆ ಅವನ ಸಂಖ್ಯೆಯನ್ನೂ ರೆಜಿಮೆಂಟಿನ ಸಂಕ್ಷಿಪ್ತ ಹೆಸರನ್ನೂ ಅಚ್ಚೊತ್ತುವ ಪದ್ಧತಿ ಇತ್ತು. ಒಂದೇ ಗುಡಿಸಲಿನಲ್ಲಿ ಹತ್ತಾರು ಜನರ ಸಾಮಾನು ಒಂದೇ ಥರ ಇದ್ದರೆ ಅದಲುಬದಲಾಗದೆ ಇರುತ್ತದೆಯೇ? ಅದಕ್ಕೇ ಈ ಗುರುತು. ಚಮಚವನ್ನು ಕಾಲಿಗೆ ಸುತ್ತಿಕೊಳ್ಳುವ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಯುದ್ಧಭೂಮಿಗೂ ಒಯ್ಯುತ್ತಿದ್ದರು. ಹಾಗಾಗಿ ಎಷ್ಟೋ ವರ್ಷಗಳ ನಂತರ ಸಿಕ್ಕ ಅಸ್ಥಿಗಳ ಗುರುತು ಹಚ್ಚಲು ಚಮಚಗಳು ನೆರವಾಗಿವೆ.

ಗುರುತಿನ ಬಿಲ್ಲೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. 1907ರಿಂದ ಅಲ್ಯೂಮಿನಿಯಂ ಬಿಲ್ಲೆ, 1914ರಿಂದ ಗಟ್ಟಿ ಮಾಡಿದ ನಾರಿನ ಕೆಂಪು ಬಿಲ್ಲೆ. ಒಂದೇ ಬಿಲ್ಲೆ ಇದ್ದುದರಿಂದ ಅನಾಹುತವಾಯಿತು. ಸತ್ತವನ ಲೆಕ್ಕ ಬರೆಯಲು ಅದನ್ನು ಬಿಚ್ಚಿಕೊಂಡು ಹೋದರೆ ದೇಹದ ಮೇಲೆ ಏನೂ ಉಳಿಯುತ್ತಿರಲಿಲ್ಲ. 1916ರಲ್ಲಿ ಎರಡು ಬಿಲ್ಲೆಗಳ ಆಜ್ಞೆ ಬಂತು: ಎಂಟು ಮೂಲೆಯ ಹಸಿರು ಬಿಲ್ಲೆ ದೇಹದ ಮೇಲೇ ಇರಬೇಕು, ದುಂಡನೆಯ ಕೆಂಪು ಬಿಲ್ಲೆಯನ್ನು ತೆಗೆದುಕೊಂಡು ಹೋಗಬೇಕು. ಆದರೆ ಎರಡೂ ನಾರಿನವೇ. ಒದ್ದೆ ಮಣ್ಣಿನಲ್ಲಿ ನಾರು ಕೊಳೆತುಹೋಗುತ್ತದೆ, ನಿಕ್ಕಲ್ ಮಿಶ್ರಲೋಹದ ಚಮಚ ಉಳಿಯುತ್ತದೆ.

ವಸ್ತು ಸಿಕ್ಕ ತಕ್ಷಣ ಮಾಡಬೇಕಾದದ್ದು ಅದನ್ನು ಎತ್ತುವುದಲ್ಲ, ಇದ್ದಲ್ಲೇ ಚಿತ್ರ ತೆಗೆಯುವುದು. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಉತ್ತರ ದಿಕ್ಕು ಗುರುತಿಸಿ, ಎಷ್ಟು ಆಳದಲ್ಲಿತ್ತು, ಜೊತೆಗೆ ಇನ್ನೇನಿತ್ತು ಎಂದು ಬರೆದುಕೊಳ್ಳಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಸಂಖ್ಯೆ ಯಾರದು ಎಂದು ಪತ್ರಾಗಾರ ಹೇಳುತ್ತದೆ; ಆ ಮನುಷ್ಯ ಈ ಕ್ಯಾಂಪಿನಲ್ಲಿ ಇದ್ದನೋ ಇಲ್ಲವೋ ಎಂಬುದನ್ನು ಮಣ್ಣು ಮಾತ್ರ ಹೇಳುತ್ತದೆ. ಗುಡಿಸಲಿನ ನೆಲದಡಿ ಸಿಕ್ಕ ಚಮಚ ಅಲ್ಲಿ ಮಲಗುತ್ತಿದ್ದವನ ಕೈಜಾರಿದ್ದು. ಕಸದ ಗುಂಡಿಯಲ್ಲಿ ಸಿಕ್ಕದ್ದು ಕ್ಯಾಂಪು ಖಾಲಿ ಮಾಡಿದಾಗ ಯಾರೋ ರಾಶಿ ಹಾಕಿದ್ದಿರಬಹುದು, ಬೇರೆ ಕ್ಯಾಂಪಿನಿಂದ ಬಂದದ್ದೂ ಇರಬಹುದು. ಎರಡಕ್ಕೂ ಒಂದೇ ಬೆಲೆ ಕೊಟ್ಟರೆ ಮುಂದಿನ ಶ್ರಮವೆಲ್ಲ ನೀರುಪಾಲು.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಜಮೀನಿನ ಮಾಲೀಕರ ಅನುಮತಿ ಬೇಕು. 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತವಾದ ಜಾಗದಲ್ಲಿ ಪರವಾನಗಿ ಇಲ್ಲದೆ ಲೋಹಶೋಧಕ ಹಿಡಿದು ಓಡಾಡುವುದೇ ಅಪರಾಧ. ಫ್ರಾನ್ಸಿನಲ್ಲೂ ಪುರಾತನ ವಸ್ತುಗಳಿಗಾಗಿ ಲೋಹಶೋಧಕ ಬಳಸಲು ಸರ್ಕಾರದ ಅನುಮತಿ ಬೇಕು. ಮೂಳೆ ಕಂಡರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ತಿಳಿಸಬೇಕು. ಷೆಲ್ಲು, ಗ್ರೆನೇಡು ಎಂಬ ಅನುಮಾನ ಬಂದರೂ ಅಷ್ಟೇ, ಮುಟ್ಟಬಾರದು.

ಇನ್ನು ಶುಚಿ ಮಾಡುವುದು. ಹೆಚ್ಚಿನ ಹಾನಿ ಆಗುವುದು ಇಲ್ಲೇ. ಹುಣಸೆಹಣ್ಣು, ನಿಂಬೆರಸ, ಲೋಹ ಬೆಳಗುವ ಪುಡಿ, ತಂತಿಯ ಬ್ರಷ್ಷು ಯಾವುದೂ ಬೇಡ. ಅಚ್ಚಿನ ಗೆರೆಯ ಆಳ ಕೂದಲೆಳೆಯಷ್ಟು. ಉಜ್ಜಿದರೆ ತುಕ್ಕಿನ ಜೊತೆ ಅಂಕಿಯೂ ಹೋಗುತ್ತದೆ. ಬಟ್ಟಿ ಇಳಿಸಿದ ನೀರು, ಮೆತ್ತನೆಯ ಬ್ರಷ್ಷು, ಬಿದಿರಿನ ಕಡ್ಡಿ, ಇಷ್ಟೇ ಸಾಕು. ನಾರಿನ ಬಿಲ್ಲೆ ಸಿಕ್ಕರೆ ನಿಯಮ ಪೂರ್ತಿ ಬೇರೆ. ಅದನ್ನು ಬಿಸಿಲಿಗೆ ಇಡಲೇಬಾರದು. ಬೇಗ ಒಣಗಿದರೆ ಪದರ ಪದರವಾಗಿ ಬಿಚ್ಚಿಕೊಂಡು ಸುರುಟಿಹೋಗುತ್ತದೆ. ಅಂಟಿದ ಒದ್ದೆ ಮಣ್ಣಿನ ಸಮೇತ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತಂಪಾದ ಕತ್ತಲೆ ಜಾಗದಲ್ಲಿಟ್ಟು ಸಂರಕ್ಷಣಾ ತಜ್ಞರ ಕೈಗೆ ಒಪ್ಪಿಸಿ.

ಓದುವುದಕ್ಕೆ ಬೇಕಾದದ್ದು ಕತ್ತಲೆ ಕೋಣೆ ಮತ್ತು ಒಂದು ಟಾರ್ಚು. ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ, ಚಮಚದ ಹಿಡಿಯ ಮಟ್ಟಕ್ಕೆ ತಂದು ಅಡ್ಡಲಾಗಿ ಬೆಳಕು ಬಿಡಿ. ಕ್ಯಾಮೆರಾ ಅಲುಗಾಡದ ಹಾಗೆ ನಿಲ್ಲಿಸಿ, ಬೆಳಕನ್ನು ಮಾತ್ರ ಸುತ್ತ ತಿರುಗಿಸುತ್ತಾ ಎಂಟು ಕಡೆಯಿಂದ ಎಂಟು ಚಿತ್ರ ತೆಗೆಯಿರಿ. ಒಂದರಲ್ಲಿ ಮಸುಕಾಗಿ ಕಂಡ ಅಂಕಿ ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಅಂಕಿಗಳನ್ನು ಒಂದೊಂದಾಗಿ, ತುದಿಯಲ್ಲಿ ಅಂಕಿ ಕೊರೆದ ಅಚ್ಚುಮೊಳೆಯಿಂದ ಕೈಯಲ್ಲೇ ಹೊಡೆಯುತ್ತಿದ್ದರು. ಆದ್ದರಿಂದ ಸಾಲು ಸೊಟ್ಟಗಿರುತ್ತದೆ, ಕೆಲವು ಅಂಕಿ ಅರ್ಧ ಮಾತ್ರ ಒತ್ತಿರುತ್ತವೆ. ಇಂಥ ಮೊಳೆಗಳಲ್ಲಿ 6ನ್ನೇ ತಲೆಕೆಳಗು ಮಾಡಿ 9 ಹೊಡೆಯುವುದು ಮಾಮೂಲು, ಹಾಗಾಗಿ ತಪ್ಪಿ ತಿರುಗಿಸಿ ಹೊಡೆದಿರುವ ಸಾಧ್ಯತೆ ಯಾವಾಗಲೂ ಇದೆ. ಸವೆದ 8 ನೋಡಲು 3ರಂತೆ, ಸವೆದ 6 ನೋಡಲು 5ರಂತೆ ಇರುತ್ತದೆ. ಓದಿದ್ದು ಒಂದೇ ಎಂದು ತೀರ್ಮಾನಿಸಿಬಿಡಬೇಡಿ. ಸಾಧ್ಯವಿರುವ ಎಲ್ಲ ಓದುಗಳನ್ನೂ ಪಟ್ಟಿ ಮಾಡಿ, ಎಲ್ಲವನ್ನೂ ಹುಡುಕಬೇಕು.

ವಿವರಿಸುವ ಅನುಕೂಲಕ್ಕೆ ನಾನೇ ಒಂದು ಸಂಖ್ಯೆ ಕಟ್ಟಿಕೊಳ್ಳುತ್ತೇನೆ. ಹಿಡಿಯ ಮೇಲೆ 'ಎಲ್.ಎನ್.ಎಲ್. 17482' ಎಂದಿದೆ ಎಂದಿಟ್ಟುಕೊಳ್ಳಿ. ಎಲ್.ಎನ್.ಎಲ್. ಎಂದರೆ ಲಾಯಲ್ ನಾರ್ತ್ ಲ್ಯಾಂಕಾಶೈರ್ ರೆಜಿಮೆಂಟ್. ಸಂಖ್ಯೆ ಸಿಕ್ಕಿತು, ಇನ್ನು ಹೆಸರು ಸಿಕ್ಕಿಬಿಟ್ಟಿತು ಎಂದು ಹಿಗ್ಗುವ ಮೊದಲು ಒಂದು ವಿಷಯ ತಿಳಿದಿರಬೇಕು. ಆಗ ಬ್ರಿಟಿಷ್ ಸೇನೆಗೆಲ್ಲ ಸೇರಿ ಒಂದೇ ಸಂಖ್ಯಾಮಾಲೆ ಇರಲಿಲ್ಲ. ಅದು ಬಂದದ್ದು 1920ರಲ್ಲಿ. ಅದಕ್ಕೂ ಮುಂಚೆ ಪ್ರತಿ ರೆಜಿಮೆಂಟಿಗೂ ತನ್ನದೇ ಸಾಲು. ರೆಜಿಮೆಂಟಿನೊಳಗಿನ ದೊಡ್ಡ ತುಕಡಿಗೆ ಬೆಟಾಲಿಯನ್ ಎನ್ನುತ್ತಾರೆ; ಬಿಡುವಿನಲ್ಲಿ ತರಬೇತಿ ಪಡೆಯುತ್ತಿದ್ದ ಸ್ವಯಂಸೇವಕರದು ಟೆರಿಟೋರಿಯಲ್ ಬೆಟಾಲಿಯನ್. ಟೆರಿಟೋರಿಯಲ್ ಬೆಟಾಲಿಯನ್‌ಗಳಲ್ಲಂತೂ ಬೆಟಾಲಿಯನ್‌ಗೆ ಒಂದೊಂದು ಸಾಲು. ಹಾಗಾಗಿ 17482 ಎಂಬ ಸಂಖ್ಯೆಯವರು ಹತ್ತಾರು ರೆಜಿಮೆಂಟುಗಳಲ್ಲಿ ಒಬ್ಬೊಬ್ಬರು ಸಿಗುತ್ತಾರೆ. ರೆಜಿಮೆಂಟಿನ ಅಕ್ಷರಗಳು ಸವೆದುಹೋಗಿದ್ದರೆ ಸಂಖ್ಯೆಯೊಂದರಿಂದ ಏನೂ ಆಗುವುದಿಲ್ಲ.

ಸಂಖ್ಯೆಯ ಶುರುವಿನಲ್ಲಿ ಬರುವ ಅಕ್ಷರಗಳೂ ಮೋಸ ಮಾಡುತ್ತವೆ. 'ಎಸ್' ಎಂದಿದ್ದರೆ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಸರಬರಾಜು ವಿಭಾಗ. ಅಲ್ಲೇ 'ಟಿ' ಎಂದರೆ ಕುದುರೆ ಗಾಡಿ, 'ಎಂ' ಎಂದರೆ ಮೋಟಾರು. ಆದರೆ ಅದೇ 'ಎಸ್' ಗಾರ್ಡನ್ ಹೈಲ್ಯಾಂಡರ್ಸ್‌ನಂಥ ಸ್ಕಾಟಿಷ್ ರೆಜಿಮೆಂಟಿನಲ್ಲಿ ಯುದ್ಧಕಾಲಕ್ಕೆಂದು ಸೇರಿದವನ ಗುರುತು. ಅಕ್ಷರ ಮೊದಲು ಓದಿ ರೆಜಿಮೆಂಟನ್ನು ಊಹಿಸುವುದು ತಪ್ಪು ದಾರಿ. ರೆಜಿಮೆಂಟು ಖಚಿತವಾದ ಮೇಲೆಯೇ ಅಕ್ಷರಕ್ಕೆ ಅರ್ಥ.

ಟೆರಿಟೋರಿಯಲ್‌ನವರ ವಿಷಯದಲ್ಲಿ ಒಂದು ಅನುಕೂಲವಿದೆ, ನನಗಂತೂ ಇದು ಬಹಳ ಇಷ್ಟದ ಭಾಗ. 1917ರ ಆರಂಭದಲ್ಲಿ ಅವರೆಲ್ಲರಿಗೂ ಆರಂಕಿಯ ಹೊಸ ಸಂಖ್ಯೆ ಕೊಟ್ಟರು. ಪದಾತಿ ರೆಜಿಮೆಂಟಿನ ಮೊದಲ ಟೆರಿಟೋರಿಯಲ್ ಬೆಟಾಲಿಯನ್‌ಗೆ 200001ರಿಂದ, ಎರಡನೆಯದಕ್ಕೆ 240001ರಿಂದ, ಮೂರನೆಯದಕ್ಕೆ 265001ರಿಂದ ಶುರು. ಇದರಿಂದ ಎರಡು ಲಾಭ. ಆರಂಕಿಯ ಸಂಖ್ಯೆ ಕಂಡರೆ ಬೆಟಾಲಿಯನ್ ಯಾವುದೆಂದು ಆ ಕ್ಷಣವೇ ಗೊತ್ತಾಗುತ್ತದೆ. ಮತ್ತೆ, ವಸ್ತುವಿನ ಕಾಲವೂ ತಿಳಿಯುತ್ತದೆ: ಆರಂಕಿ ಇದ್ದರೆ 1917ಕ್ಕಿಂತ ಮೊದಲು ಒತ್ತಿದ್ದಲ್ಲ. ನಾಲ್ಕಂಕಿಯದಾದರೆ ಒತ್ತಿದ್ದು ಅದಕ್ಕೂ ಮುಂಚೆ. ಕೆಲವು ಚಮಚಗಳ ಮೇಲೆ ತಯಾರಕರ ಹೆಸರಿನ ಜೊತೆ ಇಸವಿಯೂ, ಸರ್ಕಾರಿ ಸ್ವತ್ತೆಂದು ತೋರಿಸುವ ಬಾಣದ ಗುರುತೂ ಇರುತ್ತವೆ. ಇಸವಿ ತಯಾರಾದ ವರ್ಷ, ಕಳೆದುಹೋದ ವರ್ಷವಲ್ಲ.

ಒಂದೇ ಹಿಡಿಯ ಮೇಲೆ ಎರಡು ಮೂರು ಸಂಖ್ಯೆಗಳೂ ಇರುವುದುಂಟು. ಹಳೆಯ ಸಂಖ್ಯೆಗೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಹೊಸದು ಒತ್ತಿರುತ್ತಾರೆ. ಸಾಮಾನು ಉಗ್ರಾಣಕ್ಕೆ ವಾಪಸ್ ಬಂದರೆ ಮತ್ತೊಬ್ಬನಿಗೆ ಹೋಗುತ್ತಿತ್ತು. ಕ್ಯಾಂಪಿನಲ್ಲಿ ಕಳೆದುಕೊಂಡವನು ಕೊನೆಯವನು, ಆದರೆ ಸ್ಪಷ್ಟವಾಗಿ ಓದಲು ಬರುವುದು ಬಹಳ ಸಲ ಮೊದಲನೆಯವನ ಸಂಖ್ಯೆ. ಸುಲಭವಾಗಿ ಓದಲು ಬಂದದ್ದನ್ನೇ ಹಿಡಿದುಕೊಂಡು ಹೋದರೆ ಆ ಕ್ಯಾಂಪಿಗೆ ಕಾಲೇ ಇಡದವನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ.

ಈಗ ಪತ್ರಾಗಾರ. ಮೊದಲ ಹೆಜ್ಜೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಪದಕ ಸೂಚಿಕಾರ್ಡುಗಳು. ಡಬ್ಲ್ಯು.ಒ. (ವಾರ್ ಆಫೀಸ್, ಅಂದರೆ ಯುದ್ಧ ಕಚೇರಿ) 372 ಎಂಬ ಸರಣಿ, ಆನ್‌ಲೈನಿನಲ್ಲೇ ಹುಡುಕಬಹುದು. ಹೆಸರಿನ ಜಾಗ ಖಾಲಿ ಬಿಟ್ಟು ಸಂಖ್ಯೆ ಮತ್ತು ರೆಜಿಮೆಂಟ್ ಮಾತ್ರ ಹಾಕಿ. ಕಾರ್ಡಿನಲ್ಲಿ ಹೆಸರು, ದರ್ಜೆ, ಯಾವ ಯಾವ ರೆಜಿಮೆಂಟಿನಲ್ಲಿ ಯಾವ ಸಂಖ್ಯೆ ಎಂಬುದೆಲ್ಲ ಇರುತ್ತದೆ. 1915 ಮುಗಿಯುವುದರೊಳಗೆ ಯುದ್ಧಭೂಮಿಗೆ ಹೋದವನಾದರೆ ಕಾಲಿಟ್ಟ ದಿನಾಂಕವೂ, ಯಾವ ರಂಗ ಎಂಬುದೂ ಸಂಕೇತದಲ್ಲಿರುತ್ತವೆ: 1 ಎಂದರೆ ಪಶ್ಚಿಮ ಯುರೋಪು, 2ಬಿ ಗಲಿಪೊಲಿ, 3 ಈಜಿಪ್ಟ್. ಕಾರ್ಡಿನಲ್ಲಿ ಬೆಟಾಲಿಯನ್ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಕಾರ್ಡಿನ ಮೇಲಿರುವ ಉಲ್ಲೇಖ ಹಿಡಿದು ಡಬ್ಲ್ಯು.ಒ. 329 ಸರಣಿಯ ಪದಕ ಪಟ್ಟಿ ನೋಡಬೇಕು.

ಕ್ಯಾಂಪಿನಲ್ಲಿ ಸಿಕ್ಕ ವಸ್ತುವಿಗೆ ಇಲ್ಲೊಂದು ದೊಡ್ಡ ಅಡಚಣೆ ಇದೆ, ಗಮನವಿಟ್ಟು ಕೇಳಿ. ಯುದ್ಧ ಪದಕ ಕೊಟ್ಟದ್ದು ಹೊರದೇಶಕ್ಕೆ ಹೋದವರಿಗೆ. ತರಬೇತಿ ಕ್ಯಾಂಪಿನಲ್ಲೇ ಕಾಯಿಲೆ ಬಿದ್ದವನು, ದೇಹದಾರ್ಢ್ಯ ಸಾಲದೆಂದು ಮನೆಗೆ ಕಳಿಸಲಾದವನು, ಯುದ್ಧ ಮುಗಿಯುವವರೆಗೆ ಇಂಗ್ಲೆಂಡಿನಲ್ಲೇ ಅಡುಗೆಯವನಾಗಿಯೋ ಉಗ್ರಾಣದವನಾಗಿಯೋ ದುಡಿದವನು, ಇವರಿಗೆ ಸಾಮಾನ್ಯವಾಗಿ ಆ ಪದಕದ ಕಾರ್ಡು ಇಲ್ಲ. ಕಾರ್ಡು ಸಿಗಲಿಲ್ಲವೆಂದರೆ ಸಂಖ್ಯೆ ತಪ್ಪು ಓದಿದ್ದೇವೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, 3ನ್ನು 8 ಮಾಡಿ ಯಾರನ್ನೋ ಹಿಡಿದು ತರುತ್ತಾರೆ. ಹಾಗೆ ಮಾಡಬೇಡಿ. ಅನಾರೋಗ್ಯ ಅಥವಾ ಗಾಯದಿಂದ ಬಿಡುಗಡೆಯಾದವರಿಗೆ 1916ರಿಂದ ಬೆಳ್ಳಿಯ ಬ್ಯಾಡ್ಜು ಕೊಡುತ್ತಿದ್ದರು. ಅದರ ಪಟ್ಟಿಯಲ್ಲಿ ಸೇರಿದ ದಿನ, ಬಿಡುಗಡೆಯ ದಿನ, ಕಾರಣ ಎಲ್ಲ ಇವೆ. ಹೊರದೇಶಕ್ಕೆ ಹೋಗದವರೂ ಅದರಲ್ಲಿ ಸಿಗುತ್ತಾರೆ.

ಎರಡನೇ ಹೆಜ್ಜೆ ಸೇವಾ ಕಡತ. ಅದು ಸಿಕ್ಕರೆ ಹಬ್ಬ. ಸೇರುವಾಗಿನ ವಯಸ್ಸು, ಕಸುಬು, ಎತ್ತರ, ಎದೆಯ ಸುತ್ತಳತೆ, ಹತ್ತಿರದ ಸಂಬಂಧಿಯ ಹೆಸರು, ಶಿಕ್ಷೆಗಳು, ಆಸ್ಪತ್ರೆ ವಾಸ, ಎಲ್ಲವೂ ಅದರಲ್ಲಿ. ಬಿ103 ಎಂಬ ನಮೂನೆಯಲ್ಲಿ ಯಾವ ದಿನ ಯಾವ ಡಿಪೋದಿಂದ ಎಲ್ಲಿಗೆ ಎಂಬ ಓಡಾಟವೂ ಇರುತ್ತದೆ. ಆದರೆ 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಯುದ್ಧ ಕಚೇರಿಯ ದಾಸ್ತಾನು ಹೊತ್ತಿ ಉರಿದು, ಸಿಪಾಯಿಗಳ ಕಡತಗಳಲ್ಲಿ ಸುಮಾರು ಶೇಕಡಾ 60ರಷ್ಟು ನಾಶವಾದವು. ಉಳಿದವು ಅಂಚು ಸುಟ್ಟು, ಬೆಂಕಿ ಆರಿಸಿದ ನೀರಿನಲ್ಲಿ ನೆನೆದ ಹಾಳೆಗಳು. ಅವೇ ಡಬ್ಲ್ಯು.ಒ. 363.

ನಿಮ್ಮವನ ಕಡತ ಸುಟ್ಟುಹೋಗಿದ್ದರೆ ಕೈಚೆಲ್ಲಬೇಕಾಗಿಲ್ಲ. ಅಕ್ಕಪಕ್ಕದ ಸಂಖ್ಯೆಯವರನ್ನು ಹಿಡಿಯಿರಿ. 17482ರ ಹಿಂದೆ ಐವತ್ತು, ಮುಂದೆ ಐವತ್ತು ಸಂಖ್ಯೆಗಳನ್ನು ತೆಗೆದುಕೊಂಡು, ಅದೇ ರೆಜಿಮೆಂಟಿನಲ್ಲಿ ಯಾರ ಯಾರ ಕಡತ ಉಳಿದಿದೆ ನೋಡಿ. ನಾಲ್ಕು ಕಲಮಿನ ಕೋಷ್ಟಕ ಮಾಡಿ: ಸಂಖ್ಯೆ, ಸೇರಿದ ದಿನ, ಸೇರಿದ ಊರು, ಮೊದಲ ಬೆಟಾಲಿಯನ್. 17470ರವನು ಪ್ರೆಸ್ಟನ್ನಿನಲ್ಲಿ ಒಂದು ಸೋಮವಾರ ಸೇರಿ, 17495ರವನು ಅದೇ ಊರಲ್ಲಿ ಅದೇ ವಾರದ ಬುಧವಾರ ಸೇರಿದ್ದರೆ, ನಡುವಿನವನು ಆ ಮೂರು ದಿನಗಳಲ್ಲೇ ಸೇರಿರಬೇಕು. ಅವರಿಬ್ಬರ ಕಡತ ಹೇಳುವ ಕ್ಯಾಂಪಿನಲ್ಲೇ ಇವನ ಚಮಚ ಸಿಕ್ಕಿದ್ದರೆ ಕೊಂಡಿ ಗಟ್ಟಿಯಾಯಿತು.

ಇದೂ ಒಮ್ಮೊಮ್ಮೆ ಕೈಕೊಡುತ್ತದೆ. ಕೋಷ್ಟಕ ತುಂಬುತ್ತಾ ಹೋದಂತೆ ಸಂಖ್ಯೆಯ ಕ್ರಮದಲ್ಲೇ ಅಡ್ಡಹೆಸರುಗಳೂ ವರ್ಣಮಾಲೆಯ ಕ್ರಮದಲ್ಲಿ ಬರುತ್ತಿದ್ದರೆ ಅಲ್ಲಿ ನಿಲ್ಲಿ. ಸೇರಲು ಸಾಲುಗಟ್ಟಿ ನಿಂತವರು ವರ್ಣಮಾಲೆಯ ಪ್ರಕಾರ ನಿಲ್ಲುವುದಿಲ್ಲ. ಬೇರೆ ರೆಜಿಮೆಂಟಿನಿಂದ ಒಂದು ತಂಡವನ್ನೇ ಒಂದೇ ದಿನ ವರ್ಗಾಯಿಸಿ, ಗುಮಾಸ್ತ ಪಟ್ಟಿ ನೋಡಿಕೊಂಡು ಹೊಸ ಸಂಖ್ಯೆ ಬರೆದಿದ್ದಾನೆ ಎಂದರ್ಥ. ಆಗ ಆ ಸಂಖ್ಯೆ ವರ್ಗಾವಣೆಯ ದಿನ ಹೇಳುತ್ತದೆಯೇ ಹೊರತು ಸೇರಿದ ದಿನವನ್ನಲ್ಲ.

ಬೆಟಾಲಿಯನ್ ಗೊತ್ತಾದ ಮೇಲೆ ಡಬ್ಲ್ಯು.ಒ. 95ರ ಯುದ್ಧ ದಿನಚರಿ ತೆಗೆಯಿರಿ. ಅಲ್ಲಿ ನಿಮ್ಮ ಸಿಪಾಯಿಯ ಹೆಸರು ಸಿಗುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. ಅಧಿಕಾರಿ ಸತ್ತರೆ ಹೆಸರು ಬರೆಯುತ್ತಿದ್ದರು, ಉಳಿದ ದರ್ಜೆಯವರು ಸತ್ತರೆ ಸಾಮಾನ್ಯವಾಗಿ ಎಷ್ಟು ಜನ ಎಂಬ ಲೆಕ್ಕ ಮಾತ್ರ. ಒಂದು ಚಮಚಕ್ಕೆ ಇಷ್ಟೊಂದು ಕಷ್ಟಪಡಬೇಕೆ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ದಿನಚರಿಯಲ್ಲಿ ಬರೀ ಲೆಕ್ಕವಾದವನಿಗೆ ಹೆಸರು ಮರಳಿಸಲು ಕೆಲವೊಮ್ಮೆ ಈ ಹಿಡಿಯ ಗೀಚು ಬಿಟ್ಟರೆ ಬೇರೆ ದಾರಿಯಿಲ್ಲ.

ಸತ್ತವರ ದಾಖಲೆ ಬದುಕಿದವರದಕ್ಕಿಂತ ಸುಲಭ. 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗದ (ಇಂದಿನ ಕಾಮನ್ವೆಲ್ತ್ ಯುದ್ಧ ಸಮಾಧಿ ಆಯೋಗ) ಪಟ್ಟಿ ಆನ್‌ಲೈನಿನಲ್ಲಿದೆ. ಸೈನಿಕರ ಬಾಕಿ ಹಣದ ಲೆಕ್ಕಪುಸ್ತಕಗಳಲ್ಲಿ ಹಣ ತಾಯಿಗೆ ಹೋಯಿತೋ ಹೆಂಡತಿಗೋ ತಿಳಿಯುತ್ತದೆ. ಅದರಲ್ಲಿರುವ ಯುದ್ಧ ಪರಿಹಾರದ ಮೊತ್ತ ಸೇವೆಯ ಅವಧಿಗೆ ತಕ್ಕಂತೆ ನಿಗದಿಯಾಗುತ್ತಿದ್ದುದರಿಂದ, ಮೊತ್ತದಿಂದ ಹಿಂದಕ್ಕೆ ಎಣಿಸಿ ಸೇರಿದ ತಿಂಗಳನ್ನು ಅಂದಾಜು ಮಾಡಬಹುದು. ಬದುಕಿ ಮನೆಗೆ ಬಂದವನಿಗೆ 1918ರ ಗೈರುಹಾಜರಿ ಮತದಾರರ (ಸೇವೆಯಲ್ಲಿದ್ದು ಊರಲ್ಲಿಲ್ಲದ ಮತದಾರರ) ಪಟ್ಟಿಯಷ್ಟು ಒಳ್ಳೆಯ ದಾಖಲೆ ಇನ್ನೊಂದಿಲ್ಲ. ಮನೆಯ ವಿಳಾಸ, ಸಂಖ್ಯೆ, ದರ್ಜೆ, ಪಡೆ ನಾಲ್ಕೂ ಒಂದೇ ಸಾಲಿನಲ್ಲಿ. ಎಲ್ಲ ಊರಿನದೂ ಉಳಿದಿಲ್ಲ, ಉಳಿದಿದ್ದರೆ ಆ ವಿಳಾಸ ಹಿಡಿದು 1911 ಮತ್ತು 1921ರ ಜನಗಣತಿಗೆ ನೇರವಾಗಿ ಹೋಗಬಹುದು. 1931ರದು ಬೆಂಕಿಗೆ ಆಹುತಿಯಾಗಿದೆ, ಆಮೇಲೆ ಸಿಗುವುದು 1939ರ ಸೆಪ್ಟೆಂಬರಿನ ನಾಗರಿಕರ ನೋಂದಣಿ.

ಇಂಗ್ಲೆಂಡಿನ ಕ್ಯಾಂಪೆಂದರೆ ಇಂಗ್ಲಿಷರೇ ಇದ್ದರೆಂದಲ್ಲ. ಸ್ಟಾಫರ್ಡ್‌ಶೈರಿನ ಕ್ಯಾನಕ್ ಚೇಸ್‌ನ ಬ್ರಾಕ್ಟನ್ ಕ್ಯಾಂಪಿನಲ್ಲಿ 1917ರಿಂದ ನ್ಯೂಜಿಲೆಂಡ್ ರೈಫಲ್ ಬ್ರಿಗೇಡ್‌ನ ತರಬೇತಿ ನಡೆಯುತ್ತಿತ್ತು. ನ್ಯೂಜಿಲೆಂಡಿನ ಮೊದಮೊದಲ ಸಂಖ್ಯೆಗಳಲ್ಲಿ ಓರೆಗೆರೆಗೆ ಮೊದಲು ಬರುವ ಅಂಕಿಯೇ ಪಡೆಯ ಗುರುತು: 10 ಎಂದರೆ ವೆಲಿಂಗ್ಟನ್ ಪದಾತಿ, 12 ಎಂದರೆ ಆಕ್ಲೆಂಡ್ ಪದಾತಿ. ಕೆನಡಾದವರು ಪಡೆಗಳಿಗೆ ಸಂಖ್ಯೆಗಳನ್ನು ಮೊದಲೇ ಕಂತುಕಂತಾಗಿ ಹಂಚಿದ್ದರಿಂದ ಒಂದು ಸಂಖ್ಯೆಗೆ ಬಹುಮಟ್ಟಿಗೆ ಒಬ್ಬನೇ ಮನುಷ್ಯ. ಕೆನಡಾ, ಆಸ್ಟ್ರೇಲಿಯಾಗಳ ಒಂದನೇ ಮಹಾಯುದ್ಧದ ಸೇವಾ ಕಡತಗಳು ಲಂಡನ್ನಿನ ಆ ಬೆಂಕಿಗೆ ಸಿಗಲಿಲ್ಲ, ಇವತ್ತು ಮನೆಯಲ್ಲೇ ಕೂತು ಓದಬಹುದು. ಅದೇ ಮಣ್ಣಿನಲ್ಲಿ ಸಿಕ್ಕ ಎರಡು ಚಮಚಗಳಲ್ಲಿ ಒಂದು ಮಧ್ಯಾಹ್ನದೊಳಗೆ ಪೂರ್ತಿ ಕಥೆ ಹೇಳಿ, ಇನ್ನೊಂದು ವರ್ಷಗಟ್ಟಲೆ ಬಾಯಿ ಬಿಡದೆ ಇರುವುದು ಇದರಿಂದಲೇ.

ನಮ್ಮವರ ಮಾತಿಗೆ ಬರೋಣ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕಾಗಿ ಕಡಲು ದಾಟಿದರು. ಅವರ ಸಂಖ್ಯೆಗಳೂ ರೆಜಿಮೆಂಟಿಗೊಂದು ಸಾಲು. ಆದರೆ ಸಮಾಧಿ ಆಯೋಗದ ಪಟ್ಟಿಯಲ್ಲಿ ಭಾರತೀಯ ಸಿಪಾಯಿಯ ಹೆಸರಿನ ಮುಂದೆ ಅನೇಕ ಕಡೆ ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಜಿಲ್ಲೆ ಇರುತ್ತವೆ. ಬ್ರಿಟಿಷರಲ್ಲಿ ಎಷ್ಟೋ ಜನರಿಗೆ ಇಷ್ಟು ವಿವರ ಇಲ್ಲ. ಒಂದೇ ಹೆಸರಿನವರು ಒಂದೇ ರೆಜಿಮೆಂಟಿನಲ್ಲಿ ಹತ್ತು ಮಂದಿ ಇದ್ದಾಗ ಗುರುತು ಹಚ್ಚುವುದು ತಂದೆಯ ಹೆಸರಿನಿಂದಲೇ. ಇನ್ನೊಂದು ಕಡೆ ಅನ್ಯಾಯವೂ ಆಗಿದೆ. ಇರಾಕಿನ ಬಸ್ರಾ ಸ್ಮಾರಕದ ಕಲ್ಲಿನ ಮೇಲೆ ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿ, ಉಳಿದ ಭಾರತೀಯ ಸಿಪಾಯಿಗಳನ್ನು ಬರೀ ಸಂಖ್ಯೆಯಲ್ಲಿ ಮುಗಿಸಿದರು. ಇಂಥ ಅಸಮಾನತೆಯನ್ನು ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿದೆ.

ಪಂಜಾಬಿನವನಾದರೆ ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ ಹಳ್ಳಿವಾರು ದಾಖಲೆಗಳು ನೆರವಿಗೆ ಬರುತ್ತವೆ. ಸುಮಾರು 3,20,000 ಜನರ ವಿವರ ಅವುಗಳಲ್ಲಿದೆ, 2021ರಿಂದ ಆನ್‌ಲೈನಿಗೆ ಬರತೊಡಗಿವೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರು ಸಂಸ್ಥಾನದ ಪಡೆ, ಬ್ರಿಟಿಷ್ ಭಾರತದ ಸೇನೆಯ ರೆಜಿಮೆಂಟಲ್ಲ. ಅವರ ವಸ್ತು ಸಿಕ್ಕರೆ ಲಂಡನ್ನಿಗೆ ಬರೆಯುವ ಮೊದಲು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳನ್ನು ನೋಡಬೇಕು. ದಕ್ಷಿಣದ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಮುನಿಸ್ವಾಮಿ 'ಮೂನಿಸಾಮಿ' ಆಗಿರುತ್ತಾನೆ, ಕೃಷ್ಣ 'ಕಿಸ್ಟ್ನ' ಆಗಿರುತ್ತಾನೆ. ನಮ್ಮ ಕಾಗುಣಿತ ಹಾಕಿ ಹುಡುಕಿದರೆ ಸಿಗುವುದಿಲ್ಲ. ಗಟ್ಟಿಯಾಗಿ ಉಚ್ಚರಿಸಿ, ಇಂಗ್ಲಿಷ್ ಕಿವಿ ಅದನ್ನು ಹೇಗೆ ಬರೆದೀತು ಎಂದು ಯೋಚಿಸಿ, ಆ ರೂಪಗಳನ್ನೆಲ್ಲ ಹಾಕಿ ನೋಡಬೇಕು.

ಯುದ್ಧಕೈದಿಗಳ ಕ್ಯಾಂಪಿನಲ್ಲಿ ಸಿಕ್ಕದ್ದಾದರೆ, ಉದಾಹರಣೆಗೆ ಭಾರತೀಯರನ್ನು ಇರಿಸಿದ್ದ ಬರ್ಲಿನ್ ಬಳಿಯ ವ್ಯೂನ್ಸ್‌ಡಾರ್ಫ್ ಕ್ಯಾಂಪಿನಲ್ಲಿ, ಜಿನೀವಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಆನ್‌ಲೈನಿನಲ್ಲಿ ಇಟ್ಟಿರುವ ಕೈದಿಗಳ ಕಾರ್ಡುಗಳನ್ನು ನೋಡಿ. ಕಾರ್ಡಿನಲ್ಲಿರುವ ಉಲ್ಲೇಖ ಸಂಖ್ಯೆ ಹಿಡಿದು ಹೋದರೆ ಕ್ಯಾಂಪುಗಳು ಕಳಿಸಿದ ಮೂಲ ಪಟ್ಟಿ ಸಿಗುತ್ತದೆ. ಕಾರ್ಡು ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ, ಮೂಲ ಪಟ್ಟಿಯಲ್ಲೇ ಹೆಚ್ಚು ವಿವರ.

ಹೆಸರು ಸಿಕ್ಕಿತು ಎನ್ನಿಸಿದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಈ ಸಂಖ್ಯೆ ಈ ರೆಜಿಮೆಂಟಿನಲ್ಲಿ ಇನ್ನೊಬ್ಬನಿಗೂ ಇತ್ತೇ? ಚಮಚದ ಇಸವಿ ಇವನ ಸೇವೆಯ ಅವಧಿಗೆ ಹೊಂದುತ್ತದೆಯೇ? ಇವನ ಪಡೆ ಈ ಕ್ಯಾಂಪಿನಲ್ಲಿದ್ದುದಕ್ಕೆ ಚಮಚವನ್ನು ಬಿಟ್ಟು ಬೇರೆ ದಾಖಲೆ ಇದೆಯೇ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ 'ಇವನದೇ' ಎಂದು ಬರೆಯಿರಿ. ಎರಡಕ್ಕೆ ಸಿಕ್ಕರೆ 'ಇವನದಿರಬಹುದು' ಎಂದು ಬರೆಯಿರಿ. ಒಂದಕ್ಕೆ ಮಾತ್ರ ಸಿಕ್ಕರೆ ಮನೆಯವರನ್ನು ಹುಡುಕಿಕೊಂಡು ಹೋಗಬೇಡಿ. ಯಾರದೋ ವಸ್ತುವನ್ನು ನಿಮ್ಮ ಮುತ್ತಜ್ಜನದು ಎಂದು ಒಬ್ಬರ ಕೈಗೆ ಕೊಟ್ಟ ಮೇಲೆ ಅದನ್ನು ವಾಪಸ್ ಕೇಳಲು ಬಾಯಿ ಬರುವುದಿಲ್ಲ. ವರದಿಯಲ್ಲಿ ತಿರಸ್ಕರಿಸಿದ ಹೆಸರುಗಳನ್ನೂ ಕಾರಣದ ಸಮೇತ ಬರೆದು, ಆ ಎಂಟು ಚಿತ್ರಗಳನ್ನೂ ಅಗೆದ ಜಾಗದ ನಕ್ಷೆಯನ್ನೂ ಜೊತೆಗಿಡಿ. ಹೊಸ ಕಡತಗಳು ಇನ್ನೂ ಆನ್‌ಲೈನಿಗೆ ಬರುತ್ತಲೇ ಇವೆ, ಮುಂದೆ ಹುಡುಕುವವರು ನಿಮ್ಮ ಕೋಷ್ಟಕದಿಂದಲೇ ಶುರು ಮಾಡಬಹುದು.